ಕ್ರಯಪತ್ರ ಬರೆದ ಕೈ

ಇಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕಂಪನಿಯಲ್ಲಿ, ಡೆಲಿವರಿ ಹುಡುಗರು ತಡ ಮಾಡಿದರೆ ಕೂಲಿ ಕಡಿತ ಮಾಡುವ ಕೋಡ್ ಬರೆಯೋಕೆ ಹೇಳಿದ್ರು. ಸರಿ ಅನ್ನಿಸಲಿಲ್ಲ. ಆದರೂ ಬರೆದೆ. ಮ್ಯಾನೇಜರ್ ಹೇಳಿದ್ದು, ನನ್ನದೇನಿದೆ ಅಂದುಕೊಂಡೆ. ಎಷ್ಟೋ ವರ್ಷಗಳ ಮೇಲೆ ಜಾನ್ ವೂಲ್ಮನ್ ಬಗ್ಗೆ ಓದುವಾಗ ಅದು ನೆನಪಾಯ್ತು.

ವೂಲ್ಮನ್ ಹುಟ್ಟಿದ್ದು 1720ರಲ್ಲಿ, ಆಗ ಬ್ರಿಟಿಷರ ವಸಾಹತಾಗಿದ್ದ ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆಯವರು ಕ್ವೇಕರ್ ಪಂಥದ ಕ್ರೈಸ್ತರು. ಪಾದ್ರಿಯಿಲ್ಲದೆ ಮೌನವಾಗಿ ಕೂತು ಪ್ರಾರ್ಥಿಸುವವರು. ಪ್ರತಿ ಮನುಷ್ಯನೊಳಗೂ ದೇವರ ಬೆಳಕಿದೆ ಅನ್ನುವವರು. ಹಾಗನ್ನುತ್ತಲೇ ಅವರಲ್ಲಿ ಅನೇಕರು ಆಫ್ರಿಕನ್ ಗುಲಾಮರನ್ನು ಇಟ್ಟುಕೊಂಡಿದ್ದರು.

ಇಪ್ಪತ್ತು ದಾಟಿದ ವೂಲ್ಮನ್ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾಲೀಕ ತನ್ನ ಬಳಿಯಿದ್ದ ಕಪ್ಪು ಮಹಿಳೆಯೊಬ್ಬಳನ್ನು ಮಾರಿ, ಕ್ರಯಪತ್ರ ಬರೆ ಅಂದ. ಕೊಂಡವನು ವಯಸ್ಸಾದ ಕ್ವೇಕರ್, ಅಲ್ಲೇ ಕಾಯುತ್ತಿದ್ದ. ವೂಲ್ಮನ್ ಬರೆದುಕೊಟ್ಟ. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪುವಂಥದ್ದಲ್ಲ ಎಂದು ಇಬ್ಬರ ಎದುರೂ ಹೇಳಿದ, ನಿಜ. ಪತ್ರವಂತೂ ಬರೆದಾಗಿತ್ತು.

ಆ ತಪ್ಪು ಅವನನ್ನು ಬಿಡಲಿಲ್ಲ. ಇನ್ನೊಬ್ಬ ಅಂಥದ್ದೇ ಪತ್ರ ಕೇಳಿದಾಗ ಆಗಲ್ಲ ಅಂದ. ಗುಲಾಮರನ್ನು ಮಕ್ಕಳಿಗೆ ಹಂಚುವ ಉಯಿಲನ್ನೂ ಬರೆಯಲಿಲ್ಲ. ಬರಬೇಕಿದ್ದ ದುಡ್ಡು ಹೋಯ್ತು. 1746ರಲ್ಲಿ ವರ್ಜೀನಿಯಾ, ಉತ್ತರ ಕೆರೊಲಿನಾ ಕಡೆ ಸುತ್ತಿ ಗುಲಾಮಗಿರಿಯನ್ನು ಹತ್ತಿರದಿಂದ ಕಂಡ. 1754ರಲ್ಲಿ ಅದರ ವಿರುದ್ಧ ಪುಸ್ತಕ ಪ್ರಕಟಿಸಿದ. ಚೆನ್ನಾಗಿ ನಡೆಯುತ್ತಿದ್ದ ಸ್ವಂತ ವ್ಯಾಪಾರವನ್ನೂ ಇಳಿಸಿ ದರ್ಜಿ ಕೆಲಸಕ್ಕೆ ಕೂತ.

ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಗುಲಾಮರ ಒಡೆಯರನ್ನು ಬೈದು ಅವನು ದೂರ ಕೂರಲಿಲ್ಲ, ಅವರ ಮನೆಗೇ ಹೋದ. ಅಲ್ಲಿ ಉಂಡು ಮಲಗಿದರೆ, ದುಡಿದ ಗುಲಾಮರಿಗೆ ಕೊಡಿ ಎಂದು ಹೊರಡುವಾಗ ಬೆಳ್ಳಿ ನಾಣ್ಯ ಇಟ್ಟ. ಆತಿಥ್ಯಕ್ಕೆ ಹಣ ಕೊಡುವುದು ಅವಮಾನ ಅಂತ ಅವನಿಗೂ ಗೊತ್ತಿತ್ತು, ಮುಜುಗರವೂ ಆಗುತ್ತಿತ್ತು. ಆದರೂ ಕೊಟ್ಟ. ಗುಲಾಮರು ಬೆವರು ಸುರಿಸಿದ ಸಕ್ಕರೆ ಬಿಟ್ಟ. ಬಣ್ಣ ಹಾಕದ ಬಟ್ಟೆ ತೊಟ್ಟ, ಆ ವಿಚಿತ್ರ ವೇಷ ಕಂಡು ಸ್ವಂತ ಪಂಥದವರೇ ದೂರ ಸರಿದರು.

1758ರ ಫಿಲಡೆಲ್ಫಿಯಾ ವಾರ್ಷಿಕ ಸಭೆಯಲ್ಲಿ ಅವನು ಎದ್ದು ಮಾತಾಡಿದ. ಗುಲಾಮರನ್ನು ಕೊಂಡು ಮಾರುವವರನ್ನು ಪಂಥದ ಆಡಳಿತದಿಂದ ಹೊರಗಿಡಲು, ಒಡೆಯರ ಮನೆಮನೆಗೆ ಹೋಗಿ ಮಾತಾಡಲು ಸಭೆ ತೀರ್ಮಾನಿಸಿತು. ಹೋದವರಲ್ಲಿ ವೂಲ್ಮನ್ನೂ ಒಬ್ಬ.

1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಹಡಗಿನ ಅಲಂಕಾರದ ಕ್ಯಾಬಿನ್ ಬೇಡವೆಂದು ನಾವಿಕರ ನಡುವೆ ಮಲಗಿದ. ಅಲ್ಲಿನ ಕೋಚುಗಳ ವೇಗಕ್ಕೆ ಕುದುರೆಗಳು ಸಾಯುತ್ತಿದ್ದವು, ಗಾಡಿಯ ಹುಡುಗರು ಚಳಿಗೆ ಹೆಪ್ಪುಗಟ್ಟುತ್ತಿದ್ದರು. ಹಾಗಾಗಿ ಲಂಡನ್‌ನಿಂದ ಯಾರ್ಕ್‌ವರೆಗೆ ನಡೆದೇ ಹೋದ. ಅದೇ ಅಕ್ಟೋಬರ್‌ನಲ್ಲಿ ಸಿಡುಬು ಬಂದು ಅಲ್ಲೇ ತೀರಿಕೊಂಡ. ಗುಲಾಮರನ್ನು ಇಟ್ಟುಕೊಳ್ಳುವವರಿಗೆ ನಮ್ಮಲ್ಲಿ ಜಾಗವಿಲ್ಲ ಎಂದು ಫಿಲಡೆಲ್ಫಿಯಾದ ಕ್ವೇಕರರು ನಿರ್ಧರಿಸಿದ್ದು 1776ರಲ್ಲಿ. ಅದನ್ನು ನೋಡಲು ಅವನಿರಲಿಲ್ಲ.

ಸಕ್ಕರೆ ಬಿಟ್ಟರೆ ವ್ಯವಸ್ಥೆ ಬದಲಾಗುತ್ತಾ ಅಂತ ನೀವು ಕೇಳಬಹುದು. ಅಷ್ಟರಿಂದಲೇ ಇಲ್ಲ. ಆದರೆ ತಾನು ಬಿಟ್ಟದ್ದನ್ನೇ ಇನ್ನೊಬ್ಬರಿಗೆ ಬಿಡಿ ಅನ್ನುವವನ ಮಾತನ್ನು ತಳ್ಳಿಹಾಕೋದು ಕಷ್ಟ.

ಆ ಮೊದಲ ಪತ್ರದ ಮಹಿಳೆಯ ಹೆಸರನ್ನು ವೂಲ್ಮನ್ ತನ್ನ ದಿನಚರಿಯಲ್ಲಿ ಬರೆದಿಲ್ಲ. ಅವನ ಪಶ್ಚಾತ್ತಾಪದಿಂದ ಆಕೆಗೆ ಏನಾದರೂ ಆಯ್ತಾ ಅಂತ ನನಗೆ ತಿಳಿಯದು. ನನ್ನ ಕೋಡ್‌ನಿಂದ ಕೂಲಿ ಕಳೆದುಕೊಂಡವರ ಹೆಸರು ನನಗೂ ಗೊತ್ತಿಲ್ಲ.