ಧನ್ಯ ಫ್ರೆಡೆರಿಕ್ ಓಝನಾಂ: ಬಡವರ ಮನೆಬಾಗಿಲಿಗೆ ನಡೆದುಹೋದ ಗೃಹಸ್ಥ

ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಹೆಸರನ್ನು ಕೇಳದ ಕಥೋಲಿಕರು ವಿರಳ. ಆದರೆ ಆ ಸಭೆಯನ್ನು ಸ್ಥಾಪಿಸಿದವರು ಯಾಜಕರಲ್ಲ, ಶ್ರೀಮಂತರೂ ಅಲ್ಲ. ಪ್ಯಾರಿಸ್ ನಗರದ ಕೆಲವು ವಿದ್ಯಾರ್ಥಿಗಳು ಮತ್ತು ಅವರಿಗೆ ಹಿರಿಯಣ್ಣನಂತಿದ್ದ ಓರ್ವ ಪತ್ರಿಕಾ ಸಂಪಾದಕರು ಎಂಬುದನ್ನು ಬಲ್ಲವರು ಕಡಿಮೆ. ಆ ವಿದ್ಯಾರ್ಥಿಗಳ ಮುಂದಾಳು ಫ್ರೆಡೆರಿಕ್ ಓಝನಾಂ.

ಓಝನಾಂರವರು 1813ರ ಏಪ್ರಿಲ್ 23ರಂದು ಇಟಲಿಯ ಮಿಲಾನಿನಲ್ಲಿ ಫ್ರೆಂಚ್ ದಂಪತಿಗಳ ಮಗನಾಗಿ ಜನಿಸಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೆಳೆದರು. ವೈದ್ಯರಾಗಿದ್ದ ತಂದೆಯವರು ಅನೇಕ ಬಡರೋಗಿಗಳಿಗೆ ಉಚಿತವಾಗಿ ಚಿಕಿತ್ಸೆ ನೀಡುತ್ತಿದ್ದರು. 1831ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಪ್ಯಾರಿಸಿಗೆ ತೆರಳಿದ ಓಝನಾಂರಿಗೆ ವಿಖ್ಯಾತ ವಿಜ್ಞಾನಿ ಆಂಪೇರ್ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಮರುವರ್ಷ ಕಾಲರಾ ಬೇನೆಯು ಆ ನಗರದ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು.

ಆ ದಿನಗಳಲ್ಲಿ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ ಓಝನಾಂರವರು ಧರ್ಮಸಭೆಯ ಪ್ರಾಚೀನ ಸತ್ಕಾರ್ಯಗಳನ್ನು ಕೊಂಡಾಡುತ್ತಿದ್ದರು. ಗತವೈಭವ ಹಾಗಿರಲಿ, ಇಂದು ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೆಣಕಿದರು. ಆ ಪ್ರಶ್ನೆ ಅವರ ಮನಸ್ಸನ್ನು ನಾಟಿತು. ವಾದದಿಂದ ಗೆಲ್ಲುವ ಬದಲು ಕಾರ್ಯದಿಂದಲೇ ಉತ್ತರಿಸಬೇಕೆಂದು ಅವರು ನಿಶ್ಚಯಿಸಿದರು. 1833ರ ಏಪ್ರಿಲ್ 23ರಂದು, ತಮಗೆ ಇಪ್ಪತ್ತು ವರ್ಷ ತುಂಬಿದ ದಿನವೇ, ಗೆಳೆಯರೊಂದಿಗೆ ಸಭೆಯನ್ನು ಆರಂಭಿಸಿದರು. ಸಂಪಾದಕ ಎಮ್ಯಾನುಯೆಲ್ ಬೈಯ್ಯಿಯವರು ಅಧ್ಯಕ್ಷರಾದರು.

ಉತ್ಸಾಹವಿತ್ತು, ಅನುಭವವಿರಲಿಲ್ಲ. ಮುಫ್ತಾರ್ ಎಂಬ ಬಡ ಕೇರಿಯಲ್ಲಿ ಸೇವೆಗೈಯುತ್ತಿದ್ದ ಧರ್ಮಭಗಿನಿ ರೊಸಾಲಿ ರೆಂದು ಅವರಿಗೆ ಮಾರ್ಗದರ್ಶಕಿಯಾದರು. ನೆರವು ಬೇಕಾದ ಕುಟುಂಬಗಳನ್ನು ಪರಿಚಯಿಸಿ, ರೊಟ್ಟಿ, ಸೌದೆಗಳ ಚೀಟಿಗಳನ್ನು ಒದಗಿಸಿ, ಬಡವರೊಡನೆ ಗೌರವದಿಂದ ವರ್ತಿಸುವ ಬಗೆಯನ್ನು ಕಲಿಸಿಕೊಟ್ಟರು. ವಾರಕ್ಕೊಮ್ಮೆ ಕೂಡಿ ಪ್ರಾರ್ಥಿಸುವುದು, ಇದ್ದವರು ಇದ್ದಷ್ಟು ಕಾಣಿಕೆ ಹಾಕುವುದು, ಬಳಿಕ ಸ್ವತಃ ಮನೆಮನೆಗೆ ತೆರಳುವುದು, ಇದೇ ಅವರ ಪದ್ಧತಿ. ನೆರವನ್ನು ಬೇರೆಯವರ ಕೈಯಲ್ಲಿ ಕಳುಹಿಸದೆ ತಾವೇ ಒಯ್ದು, ಆ ಮನೆಯವರೊಡನೆ ಕುಳಿತು ಅವರ ಕಷ್ಟಸುಖ ವಿಚಾರಿಸುವುದೇ ಸಭೆಯ ಜೀವಾಳವಾಯಿತು.

ಮುಂದೆ ಓಝನಾಂರವರು ನ್ಯಾಯಶಾಸ್ತ್ರದಲ್ಲೂ ಸಾಹಿತ್ಯದಲ್ಲೂ ಡಾಕ್ಟರೇಟ್ ಪಡೆದು, ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1841ರಲ್ಲಿ ಅಮೆಲಿಯವರನ್ನು ವರಿಸಿದರು; 1845ರಲ್ಲಿ ಮಗಳು ಮರಿ ಜನಿಸಿದಳು. ಪದವಿಯಾಗಲೀ ಸಂಸಾರವಾಗಲೀ ಅವರ ಸೇವೆಗೆ ಅಡ್ಡಿಯಾಗಲಿಲ್ಲ.

1848ರ ಜೂನ್ ತಿಂಗಳಲ್ಲಿ ಪ್ಯಾರಿಸಿನ ಕಾರ್ಮಿಕರು ದಂಗೆಯೆದ್ದು, ಬೀದಿಗಳಲ್ಲಿ ರಕ್ತ ಹರಿಯಿತು. ಉಭಯ ಪಕ್ಷಗಳ ನಡುವೆ ಸಂಧಾನ ನಡೆಸಬೇಕೆಂದು ಓಝನಾಂ ಮತ್ತು ಅವರ ಸಂಗಡಿಗರು ಮಹಾಧರ್ಮಾಧ್ಯಕ್ಷ ಅಫ್ರ್‌ರವರನ್ನು ಬೇಡಿಕೊಂಡರು. ಶಾಂತಿಯನ್ನು ಸಾರಲು ಹೊರಟ ಆ ಪೂಜ್ಯರು ಗುಂಡೇಟಿಗೆ ಗುರಿಯಾಗಿ ಪ್ರಾಣತೆತ್ತರು. ಅಂತಹ ಘೋರ ದಿನಗಳ ನಂತರವೂ ಓಝನಾಂರವರು ಕಾರ್ಮಿಕರನ್ನು ದ್ವೇಷಿಸಲಿಲ್ಲ. ಅವರ ಹಸಿವಿಗೂ ನಿರುದ್ಯೋಗಕ್ಕೂ ಕಾರಣಗಳನ್ನು ಹುಡುಕಿ, ಕೇವಲ ದಾನ ಸಾಲದು, ನ್ಯಾಯವೂ ಬೇಕೆಂದು ಪತ್ರಿಕೆಯಲ್ಲಿ ಬರೆದರು.

ಆರೋಗ್ಯ ಕುಂದಿ, 1853ರ ಸೆಪ್ಟೆಂಬರ್ 8ರಂದು, ದೇವಮಾತೆಯ ಜನನೋತ್ಸವದ ದಿನ, ಮಾರ್ಸೇಲ್ ನಗರದಲ್ಲಿ ಅವರು ದೈವಾಧೀನರಾದರು. ಆಗ ಅವರಿಗೆ ಕೇವಲ ನಲವತ್ತು ವರ್ಷ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1997ರ ಆಗಸ್ಟ್ 22ರಂದು ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. ಬೆರಳೆಣಿಕೆಯ ಸದಸ್ಯರಿಂದ ಮೊದಲಾದ ಸಭೆ ಇಂದು ಸುಮಾರು 150 ದೇಶಗಳಲ್ಲಿ ಹಬ್ಬಿದೆ.

ದೇವಾಲಯದ ಗೋಡೆಗಳನ್ನು ಕಲ್ಲು ಗಾರೆಗಳಿಂದ ಕಟ್ಟಬಹುದು. ಧರ್ಮಕೇಂದ್ರವನ್ನು ಕಟ್ಟುವುದು ನೆರೆಮನೆಯ ನೋವನ್ನು ಅರಿಯುವ ಜನ. ಶತಮಾನೋತ್ಸವವನ್ನು ಆಚರಿಸುವ ನಾವು ಗತಕಾಲವನ್ನು ಸ್ಮರಿಸುವುದು ಯುಕ್ತವೇ. ಆದರೆ ಇಂದು ನೀವು ಏನು ಮಾಡುತ್ತಿದ್ದೀರಿ ಎಂಬ ಆ ಹಳೆಯ ಪ್ರಶ್ನೆ ನಮ್ಮೆದುರಿಗೂ ನಿಂತಿದೆ. ಧನ್ಯ ಓಝನಾಂರವರಂತೆ ಎದ್ದು ನಡೆಯುವುದೇ ಅದಕ್ಕೆ ತಕ್ಕ ಉತ್ತರ.