ಫಿನಿಯಾಸ್ ಗೇಜ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಕೆ ತೋಟಗಳಲ್ಲಿ ಮರವೇರುವವರು ಕೆಲವೊಮ್ಮೆ ಜಾರಿ ಬೀಳುವುದುಂಟು. ತಲೆಯ ಗಾಯ ಮಾಯ್ದೊಡನೆ ಅವರು ಗುಣಹೊಂದಿದರೆಂದು ನಾವು ಭಾವಿಸುತ್ತೇವೆ. ಆದರೆ ಹೊರಗಿನ ಗಾಯ ಮಾಯ್ದರೂ ಒಳಗಿನ ಪೆಟ್ಟು ಉಳಿಯಬಹುದು. ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿದ್ದು ಅಮೆರಿಕದ ಒಬ್ಬ ಕಾರ್ಮಿಕನ ಬಾಳು. ಆತನೇ ಫಿನಿಯಾಸ್ ಗೇಜ್.

1823ರಲ್ಲಿ ಜನಿಸಿದ ಗೇಜ್, ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿಯಾಗಿದ್ದನು. ದಕ್ಷನೆಂದೂ ವ್ಯವಹಾರಕುಶಲನೆಂದೂ ಹೆಸರು ಪಡೆದಿದ್ದನು. 1848ರ ಸೆಪ್ಟೆಂಬರ್ 13ರಂದು ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಬಳಿ, ಬಂಡೆಯ ಕುಳಿಗೆ ತುಂಬಿದ್ದ ಸಿಡಿಮದ್ದು ಅಕಸ್ಮಾತ್ತಾಗಿ ಹೊತ್ತಿ ಸಿಡಿಯಿತು. ಮದ್ದನ್ನು ಜಡಿಯುವ, ಸುಮಾರು 6 ಕಿಲೋಗ್ರಾಂ ತೂಕದ ಕಬ್ಬಿಣದ ಸರಳು ಆತನ ಎಡಗೆನ್ನೆಯನ್ನು ಹೊಕ್ಕು, ಮೆದುಳಿನ ಮುಂಭಾಗವನ್ನು ಭೇದಿಸಿ, ನೆತ್ತಿಯಿಂದ ಹೊರಬಿದ್ದಿತು.

ಆದರೂ ಗೇಜ್ ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತನಾಡಿದನು. ಎತ್ತಿನ ಗಾಡಿಯಲ್ಲಿ ಕುಳಿತು ಬಿಡಾರಕ್ಕೆ ಮರಳಿದನು. ಗಾಯ ಕೀವುಗೂಡಿ ಪ್ರಾಣಾಪಾಯ ಒದಗಿದಾಗ ವೈದ್ಯ ಜಾನ್ ಹಾರ್ಲೋ ಆತನನ್ನು ಉಳಿಸಿದನು. ಎಡಗಣ್ಣಿನ ದೃಷ್ಟಿ ಮಾತ್ರ ಹೋಯಿತು. ಸುಮಾರು ಹತ್ತು ವಾರಗಳ ಬಳಿಕ ಆತ ತನ್ನ ಮನೆ ಸೇರಿದನು.

ದೇಹಬಲ ಮರಳಿತು, ಸ್ವಭಾವ ಮರಳಲಿಲ್ಲ. ತಾಳ್ಮೆಯಿಂದಿದ್ದವನು ಸಿಡುಕನಾದನು, ಒರಟು ಮಾತನಾಡತೊಡಗಿದನು, ಯೋಜನೆಗಳನ್ನು ಹೂಡಿ ಅರ್ಧಕ್ಕೇ ಕೈಬಿಡುತ್ತಿದ್ದನು. ಹಳೆಯ ಗೆಳೆಯರಿಗೆ ಆತ ಬೇರೊಬ್ಬನಂತೆ ಕಂಡನು. ಹಿಂದಿನ ಹುದ್ದೆಯೂ ದೊರೆಯಲಿಲ್ಲ. ಆವೇಗಗಳನ್ನು ಹತೋಟಿಯಲ್ಲಿಟ್ಟು ಮುಂದಾಲೋಚನೆಗೆ ನೆರವಾಗುವುದು ಮೆದುಳಿನ ಮುಂಭಾಗ. ಅದಕ್ಕೆ ಪೆಟ್ಟಾದರೆ ನಡತೆಯೇ ಬದಲಾಗಬಹುದೆಂದು ಇಂದು ನಾವು ಬಲ್ಲೆವು.

ಗೇಜ್ ಧೃತಿಗೆಡಲಿಲ್ಲ. 1852ರಲ್ಲಿ ಚಿಲಿ ದೇಶಕ್ಕೆ ತೆರಳಿ, ಹಲವು ವರ್ಷ ಪ್ರಯಾಣಿಕರ ಕುದುರೆಗಾಡಿಯನ್ನು ಓಡಿಸಿದನು. ನಿತ್ಯದ ಆ ಕ್ರಮಬದ್ಧ ದುಡಿಮೆಯೇ ಆತನ ಮನಸ್ಸನ್ನು ಬಹುಮಟ್ಟಿಗೆ ಹದಕ್ಕೆ ತಂದಿರಬೇಕೆಂದು ಇತ್ತೀಚಿನ ಕೆಲವು ವಿದ್ವಾಂಸರು ಊಹಿಸಿದ್ದಾರೆ. ಕಡೆಗೆ ಸೆಳವಿನ ಬೇನೆಗೆ ತುತ್ತಾಗಿ 1860ರ ಮೇ 21ರಂದು, ತನ್ನ 36ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ತಲೆಬುರುಡೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿದೆ.

ತಲೆಗೆ ಪೆಟ್ಟಾದವರಲ್ಲಿ ಹೆಚ್ಚುತ್ತಿರುವ ತಲೆನೋವು, ಮರುಮರಳಿ ವಾಂತಿ, ಮಂಪರು, ಗೊಂದಲ, ಸೆಳವು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಲಕ್ಷಣಗಳು ಗಂಟೆಗಳು, ದಿನಗಳು ಕಳೆದ ಮೇಲೂ ತೋರಬಹುದು. ಗುಣಹೊಂದಿದವರು ಮರೆಗುಳಿಗಳಾದರೆ, ಮುಂಗೋಪಿಗಳಾದರೆ ಅದನ್ನು ಅವರ ದುರ್ಗುಣವೆಂದು ಹಳಿಯಬಾರದು. ಅವರಿಗೆ ಬೇಕಾದುದು ಚಿಕಿತ್ಸೆ, ಸಹನೆ ಮತ್ತು ಕೈಲಾಗುವ ಒಂದು ಕೆಲಸ.