ನಿರಂಜನ

ನಿರಂಜನ (1924–1992) ಕನ್ನಡದ ಪ್ರಗತಿಶೀಲ ಸಾಹಿತ್ಯ ಚಳವಳಿಯ ಪ್ರಮುಖ ಕಾದಂಬರಿಕಾರರು, ಪತ್ರಕರ್ತರು ಹಾಗೂ ಸಂಪಾದಕರು. ಇವರ ಮೂಲ ಹೆಸರು ಕುಳಕುಂದ ಶಿವರಾಯ. ಪ್ರಾಚೀನ ಈಜಿಪ್ಟನ್ನು ಕಥಾಭೂಮಿಯಾಗಿ ಉಳ್ಳ ‘ಮೃತ್ಯುಂಜಯ’ (1976) ಇವರ ಬೃಹತ್ ಕಾದಂಬರಿ.

ಜೀವನ

ಜೂನ್ 15, 1924ರಂದು ದಕ್ಷಿಣ ಕನ್ನಡದ ಕುಳಕುಂದದಲ್ಲಿ ಜನಿಸಿದರು. ಸುಳ್ಯದಲ್ಲಿ ಆರಂಭದ ಶಿಕ್ಷಣ ಪಡೆದು ಪ್ರೌಢಶಾಲೆಗೆಂದು ನೀಲೇಶ್ವರಕ್ಕೆ ತೆರಳಿದರು. ಅವರ ಬರವಣಿಗೆಯ ದಿಕ್ಕನ್ನು ನಿರ್ಧರಿಸಿದ್ದು ಈ ಊರಿನ ನಂಟು. ಇದಕ್ಕೆ ಸಮೀಪದ ಕಯ್ಯೂರಿನಲ್ಲಿ (ಇಂದಿನ ಕಾಸರಗೋಡು ಜಿಲ್ಲೆ) ರೈತರು ಜಮೀನ್ದಾರರ ಸುಲಿಗೆಯ ವಿರುದ್ಧ ಸಂಘಟಿತರಾಗಿದ್ದರು. 1941ರ ಮಾರ್ಚ್‌ನಲ್ಲಿ ಅವರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಗೆ ಬಿದ್ದು ಮೃತಪಟ್ಟನು. ಈ ಪ್ರಕರಣದಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. 1955ರ ‘ಚಿರಸ್ಮರಣೆ’ ಈ ಘಟನೆಯನ್ನೇ ಆಧರಿಸಿದೆ.

ಮಂಗಳೂರಿನ ‘ರಾಷ್ಟ್ರಬಂಧು’ ಪತ್ರಿಕೆಯಲ್ಲಿ ದುಡಿದ ನಿರಂಜನರು ಬಳಿಕ ಬೆಂಗಳೂರಿಗೆ ಬಂದರು. ಕಮ್ಯುನಿಸ್ಟ್ ಚಳವಳಿಯಲ್ಲಿ ತೊಡಗಿ ಕೆಲಕಾಲ ಭೂಗತರಾಗಿಯೂ ಇದ್ದರು. 1956ರಲ್ಲಿ ವೈದ್ಯೆ, ಲೇಖಕಿ ಅನುಪಮಾ ಅವರನ್ನು ವಿವಾಹವಾದರು. ‘ವಿಮೋಚನೆ’, ‘ಅಭಯ’, ‘ರಂಗಮ್ಮನ ವಠಾರ’, ‘ಬನಶಂಕರಿ’ ಇತರ ಕಾದಂಬರಿಗಳು. ಕೊನೆಯದನ್ನು ಹೆಸರು ನೋಡಿ ಬೆಂಗಳೂರಿನ ಬಡಾವಣೆಯ ಕಥೆಯೆಂದು ಭಾವಿಸಬಾರದು. ಅದು ಬಾಲವಿಧವೆಯೊಬ್ಬಳ ಬದುಕಿನ ಕಥೆ.

ಮೃತ್ಯುಂಜಯ

ಈಜಿಪ್ಟ್ ಎಂದೊಡನೆ ಪಿರಮಿಡ್ಡು, ಮಮ್ಮಿ, ಗುಪ್ತನಿಧಿಗಳ ಸಾಹಸಕಥೆ ನೆನಪಾಗುವುದು ಸಹಜ. ಈ ಕಾದಂಬರಿಯಲ್ಲೂ ನೈಲ್ ನದಿಯ ದೋಣಿಯಾನವಿದೆ, ಅರಮನೆ ಮತ್ತು ದೇವಾಲಯಗಳ ಒಳಸಂಚುಗಳಿವೆ. ಆದರೆ ಇದರ ನಾಯಕ ಮೆನೆಪ್‌ಟಾ ಒಬ್ಬ ರೈತ. ಕಾಲ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನದು. ನಾಣ್ಯವೇ ಇಲ್ಲದಿದ್ದ ಆ ನಾಡಿನಲ್ಲಿ ಕಂದಾಯವೆಂದರೆ ಧಾನ್ಯ; ನೈಲ್ ಪ್ರವಾಹ ಎಷ್ಟು ಏರಿತೆಂದು ಅಳೆದು ಬೆಳೆಯನ್ನು ಅಂದಾಜು ಮಾಡಲಾಗುತ್ತಿತ್ತು. ಕಂದಾಯದ ಭಾರಕ್ಕೆ ನಲುಗಿದ ಪ್ರಾಂತವೊಂದರ ಜನ ದಂಗೆಯೆದ್ದು, ಮೆನೆಪ್‌ಟಾನ ನಾಯಕತ್ವದಲ್ಲಿ ತಮ್ಮ ಆಡಳಿತವನ್ನು ತಾವೇ ನಡೆಸುತ್ತಾರೆ. ಅದು ಬಹುಕಾಲ ಉಳಿಯುವುದಿಲ್ಲ, ನಾಯಕನೂ ಉಳಿಯುವುದಿಲ್ಲ. ದೇಶ ಕಾಲಗಳು ದೂರವಾದರೂ ‘ಚಿರಸ್ಮರಣೆ’ ಓದಿದವರಿಗೆ ಈ ರೈತರು ಅಪರಿಚಿತರೆನಿಸುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದುವುದೇ ಲೇಸು.

ಸಂಪಾದನೆ

ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ಯ 7 ಸಂಪುಟಗಳಿಗೆ ನಿರಂಜನರು ಪ್ರಧಾನ ಸಂಪಾದಕರಾಗಿದ್ದರು. ಪಾರ್ಶ್ವವಾಯು ಪೀಡಿತರಾಗಿದ್ದರೂ, ಹಲವು ದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ ‘ವಿಶ್ವಕಥಾಕೋಶ’ವನ್ನು ಸಂಪಾದಿಸಿದರು. ಪತ್ನಿ ಅನುಪಮಾ 1991ರಲ್ಲಿ ತೀರಿಕೊಂಡರು. ಮರುವರ್ಷ ನಿರಂಜನರು ನಿಧನರಾದರು.